ಭುಜದಲ್ಲಿ 'ಟೇರ್' ಇದೆ ಅಂದ ಮಾತ್ರಕ್ಕೆ ಆಪರೇಷನ್ ಬೇಕಾ?

ಭುಜ ನೋಯುತ್ತೆ, ಕೈ ಮೇಲೆತ್ತೋಕೆ ಆಗಲ್ಲ, ಆ ಮಗ್ಗುಲಲ್ಲಿ ಮಲಗಿದರೆ ನಿದ್ದೆ ಬರಲ್ಲ. ಎಂಆರ್‌ಐ ಮಾಡಿಸಿದರೆ ವರದಿಯಲ್ಲಿ 'ರೊಟೇಟರ್ ಕಫ್ ಟೇರ್' ಅಂತ ಇರುತ್ತೆ. ಹರಿದಿದೆ ಅಂದಮೇಲೆ ಹೊಲಿಯಲೇಬೇಕು ಅಂತ ಮನೆಮಂದಿಯೆಲ್ಲ ಆಪರೇಷನ್‌ಗೆ ದುಡ್ಡು ಹೊಂದಿಸಲು ಓಡುತ್ತಾರೆ. ನನ್ನ ತಕರಾರು ಇರುವುದು ಈ ಅವಸರದ ಬಗ್ಗೆ.

ರೊಟೇಟರ್ ಕಫ್ ಅಂದರೆ ಹೆಗಲ ಮೂಳೆಯಿಂದ ಹೊರಟು, ತೋಳಿನ ಮೂಳೆಯ ಗುಂಡಾದ ತುದಿಯನ್ನು ಸುತ್ತ ಹಿಡಿದುಕೊಳ್ಳುವ ನಾಲ್ಕು ಸ್ನಾಯುಗಳು ಮತ್ತು ಅವುಗಳ ರಜ್ಜುಗಳು. ಭುಜದ ಕೀಲು ತಟ್ಟೆಯ ಮೇಲಿಟ್ಟ ಚೆಂಡಿನಂತಿದೆ. ಚೆಂಡು ಜಾರದಂತೆ ಹಿಡಿದಿಡುವುದು ಮುಖ್ಯವಾಗಿ ಇವೇ. ವಯಸ್ಸಾದಂತೆ ಈ ರಜ್ಜುಗಳು ಸವೆಯುತ್ತವೆ. 60 ದಾಟಿದವರಲ್ಲಂತೂ ಯಾವ ನೋವೂ ಇಲ್ಲದಿದ್ದರೂ ಸ್ಕ್ಯಾನಿನಲ್ಲಿ ಹರಿದಿರುವುದು ಕಾಣೋದು ಸಾಮಾನ್ಯ. ಅಂದರೆ, ಕಂಡಿದ್ದೆಲ್ಲ ನೋವಿನ ಕಾರಣ ಅಲ್ಲ.

ಪುರಾವೆ ಏನಿದೆ?

ರಜ್ಜುವಿನ ಮೇಲಿನ ಮೂಳೆ ಕೆರೆದು ಜಾಗ ಮಾಡಿಕೊಡುವ ಸರ್ಜರಿ ಬಹಳ ವರ್ಷ ಜನಪ್ರಿಯವಾಗಿತ್ತು. ಬ್ರಿಟನ್ನಿನಲ್ಲಿ 313 ರೋಗಿಗಳನ್ನು ಮೂರು ಗುಂಪು ಮಾಡಿ ಪರೀಕ್ಷಿಸಿದರು. ಒಂದು ಗುಂಪಿಗೆ ನಿಜವಾದ ಸರ್ಜರಿ, ಇನ್ನೊಂದಕ್ಕೆ ಬರೀ ದುರ್ಬೀನು ತೂರಿಸಿ ನೋಡಿ ಮುಚ್ಚಿದ್ದು, ಮೂರನೆಯದಕ್ಕೆ ಏನೂ ಇಲ್ಲ. 2018ರಲ್ಲಿ 'ಲ್ಯಾನ್ಸೆಟ್'ನಲ್ಲಿ ಬಂದ ಫಲಿತಾಂಶದ ಪ್ರಕಾರ, ಮೊದಲ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ.

ಹಾಗಾದರೆ ಪೂರ್ತಿ ಹರಿದವರ ಕಥೆ? ಏಟು ಬೀಳದೆಯೇ ರಜ್ಜು ಪೂರ್ತಿ ಹರಿದಿದ್ದ 452 ಮಂದಿಗೆ ಅಮೆರಿಕದಲ್ಲಿ ಫಿಸಿಯೋಥೆರಪಿ ಕೊಟ್ಟು ನೋಡಿದರು. ಎರಡು ವರ್ಷದಲ್ಲಿ ಸರ್ಜರಿಗೆ ಹೋದವರು ನಾಲ್ಕನೇ ಒಂದು ಭಾಗಕ್ಕಿಂತ ಕಡಿಮೆ.

ಮಾಡಬೇಕಾದ್ದೇನು?

ಕೈಯನ್ನು ಜೋಳಿಗೆಗೆ ಹಾಕಿ ತಿಂಗಳುಗಟ್ಟಲೆ ಕೂರೋದಲ್ಲ, ಹಾಗೆ ಮಾಡಿದರೆ ಭುಜ ಬಿಗಿಯುತ್ತೆ. ತಲೆಯ ಮೇಲೆ ಕೈಯೆತ್ತುವ, ಭಾರ ಹೊರುವ ಕೆಲಸವನ್ನು ಸ್ವಲ್ಪ ಕಾಲ ಕಡಿಮೆ ಮಾಡಬೇಕು. ವೈದ್ಯರು ಹೇಳಿದಷ್ಟು ನೋವಿನ ಮಾತ್ರೆ ತಗೊಳ್ಳಬಹುದು. ಮುಖ್ಯವಾದದ್ದು ವ್ಯಾಯಾಮ. ಮೊದಲು ಕೈಯನ್ನು ಲೋಲಕದಂತೆ ತೂಗೋದು, ಗೋಡೆ ಮೇಲೆ ಬೆರಳು ಹತ್ತಿಸೋದು, ಆಮೇಲೆ ರಬ್ಬರ್ ಬ್ಯಾಂಡ್ ಎಳೆಯೋದು. ಇದನ್ನು ಕನಿಷ್ಠ 12 ವಾರ ಬಿಡದೆ ಮಾಡಬೇಕು. ಸ್ಟೆರಾಯ್ಡ್ ಇಂಜೆಕ್ಷನ್ ಕೆಲವು ವಾರ ನೋವು ತಗ್ಗಿಸಬಹುದು, ಆದರೆ ಲಾಭ ಬಹುಕಾಲ ಉಳಿಯಲ್ಲ, ಪದೇಪದೇ ಚುಚ್ಚಿಸಿಕೊಂಡರೆ ರಜ್ಜುವಿಗೇ ಹಾನಿಯಾಗಬಹುದು.

ಎಲ್ಲ ಸರ್ಜರಿಯೂ ವ್ಯರ್ಥ ಅಂತ ನಾನು ಹೇಳುತ್ತಿಲ್ಲ. ಬಿದ್ದು ಏಟಾಗಿ ಇದ್ದಕ್ಕಿದ್ದಂತೆ ಕೈ ಎತ್ತಲಾಗದಿದ್ದರೆ ತಡ ಮಾಡದೆ ಮೂಳೆ ತಜ್ಞರನ್ನು ನೋಡಿ. ಜ್ವರ, ಊತ ಇದ್ದರೂ ಹಾಗೇ. ಭುಜದ ನೋವಿನ ಜೊತೆ ಎದೆ ಬಿಗಿತ, ಬೆವರು ಇದ್ದರೆ ನೇರ ತುರ್ತು ಚಿಕಿತ್ಸೆಗೆ ಹೋಗಿ.

ಇದು ರಾಜಕೀಯವೂ ಹೌದು

ಭುಜ ಸವೆಸಿಕೊಳ್ಳುವವರು ಯಾರು? ಪೇಂಟರ್‌ಗಳು, ಹಮಾಲಿಗಳು, ಗಾರೆ ಕೆಲಸದವರು. 'ಸ್ವಲ್ಪ ಕಾಲ ಕೆಲಸ ಕಡಿಮೆ ಮಾಡಿ' ಅನ್ನುವ ಸಲಹೆ ಇವರಿಗೆ ದಿನಗೂಲಿ ಬಿಡಿ ಅಂದ ಹಾಗೆ. ಇಎಸ್‌ಐ ಇರುವ ಕಾರ್ಮಿಕರಿಗೆ ವೈದ್ಯರ ಪ್ರಮಾಣಪತ್ರದ ಮೇಲೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ.70ರಷ್ಟು ಸಿಗುತ್ತೆ. ಅಸಂಘಟಿತರಿಗೆ ಅದೂ ಇಲ್ಲ. ಆಯುಷ್ಮಾನ್ ಭಾರತ್ ಯೋಜನೆ 5 ಲಕ್ಷ ರೂಪಾಯಿವರೆಗೆ ಕೊಡೋದು ಆಸ್ಪತ್ರೆಗೆ ದಾಖಲಾಗುವ ಚಿಕಿತ್ಸೆಗೆ. ಹೊರರೋಗಿಯಾಗಿ ವಾರ ವಾರ ಫಿಸಿಯೋ ಹತ್ತಿರ ಹೋದರೆ ಖರ್ಚು ನಿಮ್ಮದೇ.

ಪರಿಹಾರ ದುಬಾರಿಯೇನಲ್ಲ. 2021ರಲ್ಲಿ ಪ್ರಕಟವಾದ ಬ್ರಿಟನ್ನಿನ ಇನ್ನೊಂದು ಅಧ್ಯಯನದಲ್ಲಿ 708 ಮಂದಿ ಇದ್ದರು. ಫಿಸಿಯೋ ಜೊತೆ ಒಂದೇ ಸಲ ಸರಿಯಾಗಿ ಕೂತು, ಕಲಿತು, ಮನೆಯಲ್ಲೇ ವ್ಯಾಯಾಮ ಮಾಡಿದವರೂ, ಆರು ಸಲದವರೆಗೆ ಹೋದವರೂ ವರ್ಷದ ಕೊನೆಗೆ ಹೆಚ್ಚುಕಡಿಮೆ ಒಂದೇ ಸ್ಥಿತಿಯಲ್ಲಿದ್ದರು. ಆ ಒಂದು ಭೇಟಿಯನ್ನು ಪ್ರತಿ ತಾಲೂಕು ಆಸ್ಪತ್ರೆಯಲ್ಲಿ ಉಚಿತವಾಗಿ ಕೊಡಿ, ಅದಕ್ಕೆ ಬೇಕಾದ ಫಿಸಿಯೋಥೆರಪಿಸ್ಟ್ ಹುದ್ದೆ ತುಂಬಿ ಅಂತ ನಮ್ಮ ಶಾಸಕರನ್ನು ಕೇಳೋಣ.