ಹತ್ತನೆಯ ಅಡ್ಡರಸ್ತೆಯ ಪರೀಕ್ಷೆ

ಮಕ್ಕಳಿಗೆ ಹಾಸ್ಯಪ್ರಜ್ಞೆಯುಂಟೇ ಎಂಬ ಪ್ರಶ್ನೆಯನ್ನು ಎತ್ತುವವರು ಸಾಮಾನ್ಯವಾಗಿ ಹಿರಿಯರು. ಹಿರಿಯರ ವಿಷಯದಲ್ಲಿ ಮಕ್ಕಳು ಇದೇ ಪ್ರಶ್ನೆಯನ್ನು ಎತ್ತಿದರೆ ಉತ್ತರ ಹೇಳುವುದು ನಮಗೆ ಕಷ್ಟವಾದೀತು. ಮಗು ತಿಳಿಯದೆ ಆಡಿದ ತೊದಲಿಗೆ ನಾವು ನಗುತ್ತೇವೆ. ಬೇಕೆಂದೇ ಆಡಿದ ವಿನೋದಕ್ಕೆ ಗದರುತ್ತೇವೆ. ಮೊದಲನೆಯದು ಮುದ್ದು, ಎರಡನೆಯದು ಅಧಿಕಪ್ರಸಂಗ. ವಿನೋದದ ವಸ್ತು ಶಾಲೆಯಾದರಂತೂ ಮುಗಿದೇ ಹೋಯಿತು. ವಿದ್ಯೆಯ ವಿಷಯದಲ್ಲಿ ನಗಬಾರದೆಂಬುದು ನಮ್ಮ ಮನೆಗಳಲ್ಲಿ ಯಾರೂ ಬರೆದಿಡದ, ಎಲ್ಲರೂ ಪಾಲಿಸುವ ಶಾಸನ.

ನಾವಿರುವುದು ವಿಲ್ಸನ್ ಗಾರ್ಡನ್‌ನಲ್ಲಿ. ಹೆಸರಿನಲ್ಲಿ ತೋಟವಿದ್ದರೂ ಇಲ್ಲಿಯ ವಿಳಾಸಗಳಲ್ಲಿ ಹೂವಿನ ಸುಳಿವಿಲ್ಲ, ಬರಿಯ ಅಂಕಿಗಳು. ಇಷ್ಟನೆಯ ಅಡ್ಡರಸ್ತೆ, ಇಷ್ಟನೆಯ ಮುಖ್ಯರಸ್ತೆ. ಒಂದನೆಯ ತರಗತಿಗೆ ಸೇರಿದ ಆರು ವರ್ಷದ ನನ್ನ ಮೊಮ್ಮಗಳು ಈ ಅಂಕಿಗಳನ್ನು ಓದಲು ಕಲಿತ ವಾರವೇ ಒಂದು ಸಂಶೋಧನೆ ಮಾಡಿದಳು. ಸಂಜೆ ಹತ್ತನೆಯ ಅಡ್ಡರಸ್ತೆಯಲ್ಲಿ ದೀಪಗಳು ಹತ್ತಿಕೊಂಡಾಗ ನನ್ನ ಕೈ ಜಗ್ಗಿ, ‘ತಾತ, ಈ ರಸ್ತೆಗೆ ಈ ವರ್ಷ ಎಸ್ಸೆಸೆಲ್ಸಿ ಪರೀಕ್ಷೆ. ಅದಕ್ಕೇ ರಾತ್ರಿಯೆಲ್ಲ ದೀಪ ಹಾಕ್ಕೊಂಡು ಓದುತ್ತೆ’ ಎಂದಳು. ಅನಂತರ ನನ್ನ ಮುಖವನ್ನೇ ನೋಡುತ್ತ ನಿಂತಳು, ಮುದುಕನಿಗೆ ಅರ್ಥವಾಯಿತೋ ಇಲ್ಲವೋ ಎಂದು.

ಒತ್ತಕ್ಷರದ ಪಾಠ ಬಂದಾಗಲೂ ಹೀಗೆಯೇ ಆಯಿತು. ‘ಅಕ್ಕ’ ಎಂದು ಬರೆದು, ಒಂದು ‘ಕ’ದ ಅಡಿಯಲ್ಲಿ ಮುದುಡಿ ಕುಳಿತ ಇನ್ನೊಂದು ‘ಕ’ವನ್ನು ಬಹಳ ಹೊತ್ತು ಕನಿಕರದಿಂದ ನೋಡಿದಳು. ‘ಇದು ಮಾತಾಡಿದೆ. ಅದಕ್ಕೇ ಮಿಸ್ಸು ಬೆಂಚಿನ ಕೆಳಗೆ ಕೂರಿಸಿದಾರೆ’ ಎಂದು ತೀರ್ಪಿತ್ತಳು. ಐವತ್ತು ವರ್ಷದಿಂದ ಕನ್ನಡ ಓದುತ್ತಿರುವ ನನಗೆ ಒತ್ತಕ್ಷರದ ಈ ದುಃಖ ಹೊಳೆದಿರಲಿಲ್ಲ.

ಇಂಥ ಮಾತುಗಳನ್ನು ಹುಡುಗಾಟವೆಂದು ತಳ್ಳಿಹಾಕಬಾರದೆಂದು ಬಲವಾಗಿ ವಾದಿಸಿದವರು ರಷ್ಯದ ಶಿಶುಸಾಹಿತಿ ಕೋರ್ನೈ ಚುಕೋವ್‌ಸ್ಕಿ. ‘ಎರಡರಿಂದ ಐದರವರೆಗೆ’ ಎಂಬ ತಮ್ಮ ಪುಸ್ತಕದಲ್ಲಿ ಅವರು ಸ್ವಂತ ಮಗಳ ಪ್ರಸಂಗವೊಂದನ್ನು ಹೇಳುತ್ತಾರೆ. ಇನ್ನೂ ಎರಡು ತುಂಬದ ಆ ಮಗು ತಂದೆಯ ಬಳಿಗೆ ಬಂದು, ನಾಯಿ ಮಿಯಾಂವ್ ಎನ್ನುತ್ತದೆಂದು ಸಾರಿ, ತಾನೇ ನಕ್ಕಿತಂತೆ. ಅದು ತಪ್ಪಲ್ಲ, ಆಟಕ್ಕೆ ಕರೆ ಎಂದು ತಂದೆಗೆ ಹೊಳೆಯಿತು. ಚೆನ್ನಾಗಿ ತಿಳಿದುಕೊಂಡದ್ದನ್ನು ಮಾತ್ರ ಮಗು ತಲೆಕೆಳಗು ಮಾಡಿ ನಗಬಲ್ಲದು ಎಂಬುದು ಚುಕೋವ್‌ಸ್ಕಿಯವರ ತೀರ್ಮಾನ. ನಾಯಿಯ ದನಿ ಯಾವುದು, ಬೆಕ್ಕಿನ ದನಿ ಯಾವುದು ಎಂದು ಇನ್ನೂ ಅನುಮಾನವಿರುವ ಮಗುವಿಗೆ ಈ ವಿನೋದ ಸಾಧ್ಯವಿಲ್ಲ. ಹಾಗೆ ನೋಡಿದರೆ ನಗೆಯೆಂಬುದು ಮಗು ತನಗೆ ತಾನೇ ಕೊಟ್ಟುಕೊಂಡು ತೇರ್ಗಡೆಯಾಗುವ ಪರೀಕ್ಷೆ. ಒತ್ತಕ್ಷರವನ್ನು ಬೆಂಚಿನ ಕೆಳಗೆ ಕೂರಿಸಿದ ಹುಡುಗಿಗೆ ಆ ಪಾಠವನ್ನು ಮತ್ತೆ ಹೇಳಬೇಕಾದುದೇನೂ ಇರಲಿಲ್ಲ.

ಆದರೆ ಈ ಪರೀಕ್ಷೆಗೆ ಅಂಕ ಕೊಡುವ ಕ್ರಮ ನಮ್ಮಲ್ಲಿ ಇಲ್ಲ. ಒಂದು ದಿನ ಹಾಜರಿ ಕೂಗಿದಾಗ ನಮ್ಮ ಹುಡುಗಿ ಎದ್ದು ನಿಂತು, ‘ನಾನು ಬಂದಿಲ್ಲ ಮಿಸ್’ ಎಂದಳಂತೆ. ನಾಯಿ ಮಿಯಾಂವ್ ಎಂದಂತೆಯೇ ಇದು. ಹಾಜರಿಯೆಂದರೇನೆಂದು ಬಲ್ಲವಳೇ ಹೀಗೆ ಹೇಳಬಲ್ಲಳು. ಆದರೆ ದಿನಚರಿಯ ಪುಸ್ತಕದಲ್ಲಿ ಕೆಂಪು ಶಾಯಿಯ ಸಾಲೊಂದು ಮನೆಗೆ ಬಂದಿತು: ಮಗುವಿಗೆ ಗಾಂಭೀರ್ಯ ಸಾಲದು. ಮನೆಯಲ್ಲಿ ಬುದ್ಧಿ ಹೇಳಿದ್ದೂ ಆಯಿತು. ಮುಂದಿನ ಹದಿನೈದು ದಿನ ಅವಳು ಬಲು ಗಂಭೀರವಾಗಿದ್ದಳು. ಮನೆಪಾಠವನ್ನು ಹೇಳಿಸಿಕೊಳ್ಳದೆ ಮಾಡಿ ಮುಗಿಸಿದಳು. ‘ಶಾಲೆಯಲ್ಲಿ ಏನಾಯಿತು?’ ಎಂದರೆ ‘ಏನೂ ಇಲ್ಲ’ ಎನ್ನುತ್ತಿದ್ದಳು. ಹುಡುಗಿ ಸುಧಾರಿಸಿದಳೆಂದು ಮನೆಯವರಿಗೆ ಸಂತೋಷ. ನನಗೆ ಮಾತ್ರ ಆ ‘ಏನೂ ಇಲ್ಲ’ ಚುಚ್ಚುತ್ತಿತ್ತು. ಶಾಲೆಯಲ್ಲಿ ಏನೂ ಆಗದ ದಿನವೆಂಬುದು ಆರು ವರ್ಷದ ಮಗುವಿಗೆ ಉಂಟೇ?

ಹಿಂದಿನ ಕೂಲಿಮಠಗಳಲ್ಲಿ ಹುಡುಗರನ್ನು ಕೋದಂಡಕ್ಕೆ ತೂಗಿಬಿಡುತ್ತಿದ್ದರು. ಆ ಕಾಲ ಹೋಯಿತು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆ ತನ್ನ 17ನೆಯ ಕಲಮಿನಲ್ಲಿ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಒಳ್ಳೆಯದೇ ಆಯಿತು. ಆದರೆ ಮಗುವಿನ ವಿನೋದಕ್ಕೆ ಮರುನಗೆ ಬೀರಬೇಕೆಂದು ಯಾವ ಕಲಮೂ ವಿಧಿಸಲಾರದು. ಅದು ಉಪಾಧ್ಯಾಯರ ಮನಸ್ಸಿಗೆ ಬಿಟ್ಟದ್ದು. ಅಂಥ ಮನಸ್ಸು ನಮ್ಮಲ್ಲಿ ಹೊಸದೂ ಅಲ್ಲ. ಪಂಜೆ ಮಂಗೇಶರಾಯರು (1874–1937) ಉಪಾಧ್ಯಾಯರಾಗಿದ್ದರು, ಶಾಲೆಗಳ ಇನ್ಸ್‌ಪೆಕ್ಟರರೂ ಆಗಿದ್ದರು. ಇನ್ಸ್‌ಪೆಕ್ಟರರು ಬರುತ್ತಾರೆಂದರೆ ಉಪಾಧ್ಯಾಯರೇ ನಡುಗುತ್ತಿದ್ದ ಆ ದಿನಗಳಲ್ಲಿ, ಆ ಅಧಿಕಾರದಲ್ಲಿದ್ದ ಪಂಜೆಯವರ ಲೇಖನಿಯಿಂದ ಮಕ್ಕಳಿಗಾಗಿ ‘ಇಲಿಗಳ ಥಕಥೈ’ಯಂಥ ಕಥೆ ಹೊರಟಿತು. ಶಾಲೆಯ ಶಿಸ್ತನ್ನು ಅವರಿಗಿಂತ ಹತ್ತಿರದಿಂದ ಬಲ್ಲವರು ಎಷ್ಟು ಮಂದಿ? ಮಕ್ಕಳ ನಗೆಯಿಂದ ಆ ಶಿಸ್ತಿಗೆ ಕೇಡೆಂದು ಅವರಿಗೆ ತೋರಲಿಲ್ಲ.

ನಮ್ಮ ಹುಡುಗಿಯ ಮೌನ ಮುರಿದದ್ದು ನಮ್ಮ ಬಡಾವಣೆಯಿಂದ ನಡೆದು ಹೋಗುವಷ್ಟು ದೂರದಲ್ಲಿರುವ ಲಾಲ್‌ಬಾಗಿನಲ್ಲಿ. ಅಲ್ಲಿಯ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಅದನ್ನು ಹತ್ತಿ ಕುಳಿತಾಗ ನಾನು ಈ ಸಂಗತಿಯನ್ನು ಅವಳಿಗೆ ತಿಳಿಸಿದೆ. ಬಂಡೆಯ ಮೇಲೆ ಅಂಗೈಯಿಟ್ಟು ಸ್ವಲ್ಪ ಹೊತ್ತು ಯೋಚಿಸಿ, ‘ಇಷ್ಟು ವಯಸ್ಸಾದರೂ ಇದನ್ನ ಶಾಲೆಗೆ ಸೇರಿಸಿಲ್ವಾ?’ ಎಂದಳು. ಮತ್ತೆ ತಾನೇ, ‘ಅದಕ್ಕೇ ಇಷ್ಟು ನೆಮ್ಮದಿಯಾಗಿ ಕೂತಿದೆ’ ಎಂದಳು. ಈ ಸಲವೂ ನನ್ನ ಮುಖವನ್ನು ನೋಡಿದಳು, ಆದರೆ ಕೊಂಚ ಅಳುಕಿನಿಂದ. ನಾನು ನಕ್ಕ ಮೇಲೆಯೇ ಅವಳೂ ನಕ್ಕಳು.

ಆ ಅಳುಕು ನನ್ನನ್ನು ಇನ್ನೂ ಬಿಟ್ಟಿಲ್ಲ. ಮಗು ಶಾಲೆಯನ್ನು ಕುರಿತು ನಗುವಾಗ ಅದು ಶಾಲೆಯನ್ನು ಹಳಿಯುತ್ತಿರುವುದಿಲ್ಲ. ತನಗಿಂತ ಎಷ್ಟೋ ದೊಡ್ಡದಾದ ಆ ಲೋಕವನ್ನು ತನ್ನದಾಗಿ ಮಾಡಿಕೊಳ್ಳುತ್ತಿರುತ್ತದೆ. ಅಂಕಪಟ್ಟಿಯನ್ನು ವರ್ಷಕ್ಕೆ ಕೆಲವು ಸಲ ನೋಡುವ ನಾವು, ಮಗು ಶಾಲೆಯಿಂದ ತಂದ ವಿನೋದವನ್ನು ದಿನಕ್ಕೊಮ್ಮೆಯಾದರೂ ಕೇಳಿಸಿಕೊಳ್ಳಬಹುದು. ಅದಕ್ಕೆ ತಗಲುವ ಸಮಯ ಅರ್ಧ ನಿಮಿಷ. ಯಾವ ದಿನ ಅಂಥದೊಂದೂ ಮನೆಗೆ ಬರಲಿಲ್ಲವೋ, ಆ ದಿನ ವಿಚಾರಿಸಬೇಕಾದದ್ದು ಮನೆಪಾಠವನ್ನಲ್ಲ, ಮಗುವನ್ನು.