ವಾದವನ್ನು ನೋಡುವ ವಿನೋದ

ವಾದವು ಕಿವಿಗೆ ಸಲ್ಲುವ ಪದಾರ್ಥವೆಂದು ನಮ್ಮ ಹಿರಿಯರು ನಂಬಿದ್ದರು. ತಾಳಮದ್ದಲೆಯ ಅರ್ಥಧಾರಿಗೆ ಕಿರೀಟವಿಲ್ಲ, ಗೆಜ್ಜೆಯಿಲ್ಲ, ಮುಖಕ್ಕೆ ಬಣ್ಣವಿಲ್ಲ. ಪಂಚೆಯುಟ್ಟು ಕುಳಿತ ಕೃಷ್ಣನೂ ಕೌರವನೂ ಮಾತಿನಲ್ಲಿಯೇ ಸೆಣಸಬೇಕು. ಕೇಳುವವರು ಕಣ್ಣು ಮುಚ್ಚಿದರೂ ನಷ್ಟವಿಲ್ಲ. ಗೊರಕೆ ಹೊಡೆಯದಿದ್ದರೆ ಸರಿ. ಇಂತಹ ವಾದಕ್ಕೆ ವೇಷ ಕಟ್ಟಿ ದೀಪ ಹಚ್ಚಿದರೆ ಏನಾದೀತೆಂದು ತಿಳಿಯಲು ಅಮೆರಿಕೆಯ ಅಧ್ಯಕ್ಷ ಪದವಿಯ ಅಭ್ಯರ್ಥಿಗಳು ದೂರದರ್ಶನದಲ್ಲಿ ನಡೆಸುವ ಚರ್ಚೆಗಳನ್ನು ನೋಡಬೇಕು.

1960ರ ಸೆಪ್ಟೆಂಬರ್ 26ರಂದು ಷಿಕಾಗೋ ನಗರದ ಸ್ಟುಡಿಯೋ ಒಂದರಲ್ಲಿ ಕೆನಡಿಯವರೂ ನಿಕ್ಸನ್ನರೂ ಎದುರುಬದುರಾದರು. ನೋಡಿದವರು ಸುಮಾರು ಏಳು ಕೋಟಿ ಎಂದು ಅಂದಾಜು. ಬೇಸಾಯ, ಉಪಾಧ್ಯಾಯರ ಸಂಬಳ, ವೃದ್ಧರ ಔಷಧೋಪಚಾರ, ಎಲ್ಲವೂ ಅಂದು ಚರ್ಚೆಗೆ ಬಂದವು. ಅವನ್ನು ಈಗ ನೆನೆಯುವವರಾರು? ಲೋಕ ನೆನೆಯುವುದು ನಿಕ್ಸನ್ನರ ಗಡ್ಡವನ್ನು. ಮಂಡಿಯ ನೋವಿನಿಂದ ಆಸ್ಪತ್ರೆ ಸೇರಿ ಎದ್ದು ಬಂದಿದ್ದ ಅವರ ಮೈ ಇಳಿದಿತ್ತು. ತೊಟ್ಟಿದ್ದ ಬೂದು ಬಣ್ಣದ ಕೋಟು ಹಿಂದಿನ ಗೋಡೆಯಲ್ಲಿ ಕರಗಿಹೋಯಿತು. ಗಡ್ಡದ ನೆರಳನ್ನು ಮುಚ್ಚಲು ಬಳಿದ ಪುಡಿಯ ಮೇಲೆ ಬೆವರು ಮೂಡಿತು. ಕೆನಡಿಯವರಾದರೋ ಕಪ್ಪು ಕೋಟಿನಲ್ಲಿ, ಬಿಸಿಲುಂಡ ಮುಖದಲ್ಲಿ, ಮದುವೆಗೆ ಹೊರಟವರಂತೆ ನಿಂತಿದ್ದರು.

ರೇಡಿಯೋದಲ್ಲಿ ಕೇಳಿದವರು ಮಾತ್ರ ಗೆಲುವು ನಿಕ್ಸನ್ನರದೇ ಎಂದರಂತೆ. ಕತೆ ಸೊಗಸಾಗಿದೆ, ಆದರೆ ಅದರ ಆಧಾರವೆಲ್ಲ ಹೆಚ್ಚಾಗಿ ಒಂದೇ ಒಂದು ಸಮೀಕ್ಷೆಯೆಂದೂ ಅದೂ ಗಟ್ಟಿಯಲ್ಲವೆಂದೂ ವಿದ್ವಾಂಸರು ತಕರಾರು ತೆಗೆದಿದ್ದಾರೆ. ವಿದ್ವಾಂಸರಿಗೆ ಸೊಗಸಾದ ಕತೆಗಳ ಮೇಲೆ ಹಗೆಯಿರಬೇಕು! ಅದೇನೇ ಇರಲಿ, ಆ ಚುನಾವಣೆಯ ಬಳಿಕ ಹದಿನಾರು ವರ್ಷ ಯಾವ ಅಭ್ಯರ್ಥಿಯೂ ಆ ದೀಪಗಳ ಮುಂದೆ ನಿಲ್ಲಲಿಲ್ಲ. 1968ರಲ್ಲಿಯೂ 1972ರಲ್ಲಿಯೂ ಅಭ್ಯರ್ಥಿಯಾಗಿದ್ದ ನಿಕ್ಸನ್ನರು ಒಲ್ಲೆನೆಂದದ್ದರಲ್ಲಿ ಆಶ್ಚರ್ಯವಿಲ್ಲ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು 1976ರ ಸೆಪ್ಟೆಂಬರ್ 23ರ ರಾತ್ರಿ. ಫಿಲಡೆಲ್ಫಿಯದ ರಂಗಮಂದಿರದಲ್ಲಿ ಫೋರ್ಡರಿಗೂ ಕಾರ್ಟರರಿಗೂ ಚರ್ಚೆ ನಡೆಯುತ್ತಿರಲು ಧ್ವನಿಯಂತ್ರ ಕೈಕೊಟ್ಟಿತು. ಇಪ್ಪತ್ತೇಳು ನಿಮಿಷ ಶಬ್ದವಿಲ್ಲ. ಚಿತ್ರ ಮಾತ್ರ ಉಂಟು. ಪ್ರಪಂಚದ ಅತಿ ಬಲಿಷ್ಠ ಹುದ್ದೆಗೆ ಕೈಚಾಚಿದ ಇಬ್ಬರು ಒಬ್ಬರನ್ನೊಬ್ಬರು ಮಾತನಾಡಿಸದೆ, ಕೈ ಕುಲುಕದೆ, ದೇವಸ್ಥಾನದ ದ್ವಾರಪಾಲಕರಂತೆ ತಮ್ಮ ತಮ್ಮ ಪೀಠದ ಬಳಿಯೇ ಉಳಿದರು. ಅಲುಗಾಡಿದರೆ ಕೋಟಿ ಕಣ್ಣುಗಳು ಅದಕ್ಕೂ ಒಂದು ಅರ್ಥ ಕಟ್ಟಿಯಾವೆಂಬ ಭಯ! ಆಗ ತಾವಿಬ್ಬರೂ ಯಂತ್ರಮಾನವರಂತಿದ್ದೆವೆಂದು ಕಾರ್ಟರರೇ ಮುಂದೆ ನಾಚಿಕೊಂಡರು.

ಅವರ ಎರಡನೆಯ ಚರ್ಚೆ ಅಕ್ಟೋಬರ್ 6ರಂದು. ಪೂರ್ವ ಯೂರೋಪಿನ ಮೇಲೆ ಸೋವಿಯತ್ ಪ್ರಾಬಲ್ಯವಿಲ್ಲವೆಂದು ಫೋರ್ಡರು ನುಡಿದುಬಿಟ್ಟರು. ಅಂದು ರಾತ್ರಿಯೇ ಕೇಳಿದಾಗ, ಫೋರ್ಡರು ಗೆದ್ದರೆಂದವರೇ ಹೆಚ್ಚು. ಮರುದಿನ ಪತ್ರಿಕೆಗಳೂ ವ್ಯಾಖ್ಯಾನಕಾರರೂ ಆ ಮಾತನ್ನು ಎತ್ತಿ ಹಿಡಿದ ಮೇಲೆ ಅಭಿಪ್ರಾಯ ತಲೆಕೆಳಗಾಯಿತು. ನೋಡಿದವರು ಮಾತು ಕೇಳಿದ್ದರು, ಕಿವಿಗೊಟ್ಟಿರಲಿಲ್ಲ. ತಮಗೆ ಏನು ಕೇಳಿಸಿತೆಂಬುದನ್ನು ತಿಳಿಯಲು ಅವರು ಬೆಳಗಿನ ಪತ್ರಿಕೆಗೆ ಕಾಯಬೇಕಾಯಿತು. ಮತ ಹಾಕುವವರೂ ಇವರೇ ಎಂದು ನೆನೆದಾಗ ಈ ವಿನೋದ ತುಸು ಕಹಿಯಾಗುತ್ತದೆ.

ಕಣ್ಣಿನ ಚಪಲ ಇನ್ನೂ ತೀರಿಲ್ಲ. 1992ರಲ್ಲಿ ಬುಷ್ ಗಡಿಯಾರ ನೋಡಿಕೊಂಡರು. 2000ದಲ್ಲಿ ಗೋರ್ ನಿಟ್ಟುಸಿರು ಬಿಟ್ಟರು. 2020ರ ಅಕ್ಟೋಬರ್ 7ರಂದು ಉಪಾಧ್ಯಕ್ಷ ಪೆನ್ಸರ ಬೆಳ್ಳಗಿನ ತಲೆಯ ಮೇಲೆ ಒಂದು ನೊಣ ಬಂದು ಸುಮಾರು ಎರಡು ನಿಮಿಷ ಕುಳಿತಿತು. ಆ ಎರಡು ನಿಮಿಷ ಅವರು ಏನು ಹೇಳಿದರೆಂದು ನೋಡಿದವರನ್ನು ಕೇಳಿ ನೋಡಿ. ನೊಣ ಯಾವ ಕಡೆ ಮುಖ ಮಾಡಿತ್ತೆಂದು ಬೇಕಾದರೆ ಹೇಳಿಯಾರು.

2024ರ ಜೂನ್ 27ರಂದು ಅಟ್ಲಾಂಟದಲ್ಲಿ ಒಬ್ಬರು ಮಾತನಾಡುವಾಗ ಇನ್ನೊಬ್ಬರ ಮೈಕನ್ನು ನಿಯಮದಂತೆಯೇ ಮುಚ್ಚಿದರು. ಧ್ವನಿ ನಿಂತರೇನು, ಚಿತ್ರ ನಿಲ್ಲಲಿಲ್ಲವಷ್ಟೆ. ಟ್ರಂಪರು ಮಾತನಾಡುತ್ತಿರಲು ಪರದೆಯ ಪಕ್ಕದ ಅರ್ಧದಲ್ಲಿ ಬೈಡನ್ನರ ಅರೆತೆರೆದ ಬಾಯಿ ಕಾಣುತ್ತಿತ್ತು. ಇಪ್ಪತ್ನಾಲ್ಕು ದಿನಗಳ ತರುವಾಯ ಅವರು ಸ್ಪರ್ಧೆಯಿಂದ ಹಿಂದೆ ಸರಿದರು.