ಬೆಕ್ಕಿನ ಉಪವಾಸ

ಹಂಪೆಯ ಸುತ್ತಮುತ್ತ ಹುಟ್ಟಿ ಬೆಳೆದವರಿಗೆ ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆಯನ್ನು ಹೊಸದಾಗಿ ಹೇಳಬೇಕಾದುದಿಲ್ಲ. ಇಲಿಗಳ ಕಾಟ ಹೆಚ್ಚಿತೆಂದು ಕೃಷ್ಣದೇವರಾಯನು ಮನೆಗೊಂದು ಬೆಕ್ಕನ್ನೂ, ಅದಕ್ಕೆ ಹಾಲೆರೆಯಲೆಂದು ಒಂದೊಂದು ಹಸುವನ್ನೂ ಕೊಡಿಸಿದನಂತೆ. ರಾಮಕೃಷ್ಣನು ಮೊದಲ ದಿನವೇ ಕುದಿಯುವ ಹಾಲನ್ನು ಬೆಕ್ಕಿನ ಮುಂದಿಟ್ಟನು. ಬಾಯಿ ಸುಟ್ಟುಕೊಂಡ ಬೆಕ್ಕು ಅಂದಿನಿಂದ ಹಾಲಿನ ಬಟ್ಟಲನ್ನು ಕಂಡರೆ ಓಡತೊಡಗಿತು. ಹಾಲೆಲ್ಲ ಮನೆಯವರ ಪಾಲಾಯಿತು. ಪರೀಕ್ಷೆಯ ದಿನ ಊರವರ ಬೆಕ್ಕುಗಳೆಲ್ಲ ಕೊಬ್ಬಿ ಬಂದರೆ, ರಾಮಕೃಷ್ಣನ ಬೆಕ್ಕು ಎಲುಬಿನ ಹಂದರವಾಗಿ ಬಂದಿತು. ಕಥೆ ಕೇಳಿ ನಾವು ನಗುತ್ತೇವೆ, ನಗಬೇಕಾದುದೇ. ಆದರೆ ಅದರೊಳಗೆ ಒಂದು ನಿಜವೂ ಅಡಗಿದೆ. ಬೆಕ್ಕು ಹೆದರಿದರೆ, ನೊಂದರೆ, ಆಹಾರವನ್ನು ಬಿಟ್ಟುಬಿಡುತ್ತದೆ. ಹಾಗೆ ಬಿಟ್ಟ ಬೆಕ್ಕಿನ ಒಡಲೊಳಗೆ ಏನು ನಡೆಯುತ್ತದೆಂಬುದನ್ನು ಕಥೆ ಹೇಳುವುದಿಲ್ಲ, ಪಶುವೈದ್ಯಶಾಸ್ತ್ರ ಹೇಳುತ್ತದೆ. ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ಓದಿ ಕೇಳಿ ತಿಳಿದುಕೊಂಡಷ್ಟನ್ನು ಗುರುಗಳ ಮತ್ತು ಮಿತ್ರರ ಮುಂದಿಡುತ್ತಿದ್ದೇನೆ.

'ಹಸಿವಾದರೆ ತಾನೇ ತಿನ್ನುತ್ತದೆ' ಎಂಬುದು ನಮ್ಮಲ್ಲಿ ಎಲ್ಲರ ಬಾಯಲ್ಲಿರುವ ಮಾತು. ಮನುಷ್ಯರ ಮಟ್ಟಿಗೆ ಅದು ಬಹುಪಾಲು ಸರಿ. ಏಕಾದಶಿಯೆಂದು, ಶಿವರಾತ್ರಿಯೆಂದು, ರಂಜಾನ್ ಎಂದು ಉಪವಾಸವಿದ್ದು ನಾವು ಲವಲವಿಕೆಯಿಂದಲೇ ಇರುತ್ತೇವೆ. ಆರೋಗ್ಯವಾಗಿರುವ ನಾಯಿಯೂ ಕೆಲವು ದಿನ ಹಸಿದಿದ್ದು ಮತ್ತೆ ಚೇತರಿಸಿಕೊಳ್ಳಬಲ್ಲದು. ಒಳಗೆ ಕೂಡಿಟ್ಟ ಕೊಬ್ಬನ್ನು ಕರಗಿಸಿ ಕಾಲ ನೂಕುವ ವಿದ್ಯೆಯನ್ನು ಪ್ರಕೃತಿಯು ನಮಗೂ ನಾಯಿಗೂ ಕಲಿಸಿದೆ. ಬೆಕ್ಕಿಗೆ ಮಾತ್ರ ಈ ವಿದ್ಯೆಯನ್ನು ಅರ್ಧಕ್ಕೇ ನಿಲ್ಲಿಸಿದಂತೆ ಕಾಣುತ್ತದೆ.

ಇದಕ್ಕೆ ಕಾರಣವೇನು? ನಮ್ಮ ಮನೆಯ ಬೆಕ್ಕಿನ ಮೂಲಪುರುಷನು ಆಫ್ರಿಕ ಮತ್ತು ಪಶ್ಚಿಮ ಏಷ್ಯದ ಒಣನಾಡುಗಳ ಕಾಡುಬೆಕ್ಕು. ಅದು ಒಂಟಿ ಬೇಟೆಗಾರ. ಹುಲಿಯಂತೆ ಒಮ್ಮೆ ದೊಡ್ಡ ಪ್ರಾಣಿಯನ್ನು ಕೊಂದು ದಿನಗಟ್ಟಲೆ ಮಲಗುವುದಲ್ಲ. ಇಲಿ, ಹಕ್ಕಿ, ಓತಿಗಳನ್ನು ದಿನಕ್ಕೆ ಹಲವು ಬಾರಿ ಹಿಡಿದು ಸ್ವಲ್ಪ ಸ್ವಲ್ಪವಾಗಿ ತಿನ್ನುವಂಥದು. ಹೀಗೆ ಮಾಂಸವನ್ನೇ ನಂಬಿ ಬಾಳಿದ ಅದರ ದೇಹವು ಸಸಾರಜನಕವನ್ನು ಎಡೆಬಿಡದೆ ಖರ್ಚುಮಾಡುತ್ತದೆ. ಆಹಾರ ಬರಲಿ, ಬಾರದಿರಲಿ, ಈ ಖರ್ಚನ್ನು ಬೇಕಾದಷ್ಟು ತಗ್ಗಿಸಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಆರ್ಜಿನಿನ್ ಎಂಬ ಒಂದು ಅಂಶವನ್ನು ಬಿಟ್ಟು ತಯಾರಿಸಿದ ಆಹಾರವನ್ನು ಬೆಕ್ಕುಗಳಿಗೆ ಒಂದೇ ಹೊತ್ತು ಕೊಟ್ಟಾಗ, ಕೆಲವೇ ಗಂಟೆಗಳಲ್ಲಿ ಅವುಗಳ ರಕ್ತದಲ್ಲಿ ಅಮೋನಿಯ ಏರಿ ವಿಷವಾಯಿತೆಂದು 1978ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿಕೊಟ್ಟರು. ಒಂದು ಹೊತ್ತಿನ ಕೊರತೆಯೇ ಇಷ್ಟು ಮಾಡುವುದಾದರೆ ನಾಲ್ಕಾರು ದಿನಗಳ ಉಪವಾಸ ಏನು ಮಾಡಲಾರದು?

ಯಕೃತ್ತು, ಅಂದರೆ ಪಿತ್ತಜನಕಾಂಗವು, ಇಲ್ಲಿ ಹೇಗೆ ಕೆಡುತ್ತದೆಂಬುದನ್ನು ನಮ್ಮ ಸೀಮೆಯ ಒಂದು ಉಪಮಾನದಿಂದ ವಿವರಿಸಬಹುದು. ಸುಗ್ಗಿಯಲ್ಲಿ ಕಂಪ್ಲಿಯ ಭತ್ತದ ಗೋದಾಮನ್ನು ಕಲ್ಪಿಸಿಕೊಳ್ಳಿರಿ. ಹಳ್ಳಿಹಳ್ಳಿಗಳಿಂದ ಚೀಲಗಳು ಬಂದು ಬೀಳುತ್ತಿವೆ. ಹೊರಗೆ ಸಾಗಿಸಲು ಬಂಡಿಗಳೇ ಇಲ್ಲ. ಗೋದಾಮು ತುಂಬುತ್ತದೆ, ಓಡಾಡುವ ದಾರಿ ಮುಚ್ಚುತ್ತದೆ, ಕೊನೆಗೆ ಕೆಲಸವೇ ನಿಲ್ಲುತ್ತದೆ. ಬೆಕ್ಕು ಆಹಾರ ಬಿಟ್ಟಾಗ ಮೈಯ ಕೊಬ್ಬೆಲ್ಲ ಕರಗಿ ರಕ್ತದ ಮೂಲಕ ಯಕೃತ್ತಿಗೆ ಬರತೊಡಗುತ್ತದೆ. ಅದನ್ನು ಮತ್ತೆ ದೇಹಕ್ಕೆ ಹಂಚಬೇಕಾದರೆ ಸಸಾರಜನಕದಿಂದಾದ ವಾಹಕಗಳು ಬೇಕು. ಇವೇ ನಮ್ಮ ಬಂಡಿಗಳು. ಉಣ್ಣದ ಬೆಕ್ಕಿಗೆ ಸಸಾರಜನಕವೆಲ್ಲಿ? ಬಂಡಿಗಳೆಲ್ಲಿ? ಕೊಬ್ಬು ಯಕೃತ್ತಿನ ಕಣಕಣದಲ್ಲಿಯೂ ತುಂಬಿಕೊಂಡು ಪಿತ್ತರಸ ಹರಿಯುವ ಸಣ್ಣ ಕಾಲುವೆಗಳನ್ನು ಒತ್ತುತ್ತದೆ. ಪಿತ್ತವು ರಕ್ತಕ್ಕೆ ಸೇರಿ ಮೈ ಹಳದಿಯಾಗುತ್ತದೆ. ಮೈಯಲ್ಲಿ ಕೊಬ್ಬು ಹೆಚ್ಚಿದ್ದಷ್ಟೂ ಗೋದಾಮಿಗೆ ಬೀಳುವ ಚೀಲಗಳು ಹೆಚ್ಚು. ಆದುದರಿಂದ ಬಡಕಲು ಬೆಕ್ಕಿಗಿಂತ ಕೊಬ್ಬಿದ ಬೆಕ್ಕಿಗೇ ಈ ಅಪಾಯ ಅಧಿಕ. ರಾಯನ ಪರೀಕ್ಷೆಯಲ್ಲಿ ಗೆದ್ದ ದಪ್ಪ ಬೆಕ್ಕುಗಳು ಈ ಪರೀಕ್ಷೆಯಲ್ಲಿ ಮೊದಲು ಸೋಲುತ್ತವೆ!

ಇನ್ನು ಬೆಕ್ಕು ಆಹಾರ ಬಿಡುವುದಾದರೂ ಏಕೆ? ಹಲ್ಲುನೋವು, ಮೇದೋಜೀರಕಾಂಗದ ಉರಿ, ಕರುಳಿನ ಬೇನೆ, ಮಧುಮೇಹ ಮುಂತಾದ ಬೇರೆ ರೋಗಗಳು ಅನೇಕ ಸಲ ಹಿಂದೆ ಅಡಗಿರುತ್ತವೆ. ಅವುಗಳ ಜೊತೆಗೇ ಎಣಿಸಬೇಕಾದುದು ಮನಸ್ಸಿನ ಕಳವಳ. ನಾಯಿ ಮನುಷ್ಯನನ್ನು ನೆಚ್ಚಿದರೆ ಬೆಕ್ಕು ಮನೆಯನ್ನು ನೆಚ್ಚುತ್ತದೆ ಎಂದು ಹಿರಿಯರು ಹೇಳುವುದು ಸುಳ್ಳಲ್ಲ. ಅದಕ್ಕೆ ಪರಿಚಿತ ಮೂಲೆ, ಪರಿಚಿತ ವಾಸನೆ, ಪರಿಚಿತ ಹೊತ್ತು ಬೇಕು. ನಮ್ಮ ಸೀಮೆಯಲ್ಲಿ ಮನೆ ಬಿಟ್ಟು ಮನೆ ಸೇರಿದವರ ಕಥೆಗಳು ಕಡಮೆಯಿಲ್ಲ. 1953ರಲ್ಲಿ ತುಂಗಭದ್ರಾ ಜಲಾಶಯದಲ್ಲಿ ನೀರು ನಿಂತಾಗ ಹಲವಾರು ಹಳ್ಳಿಗಳ ಜನ ಊರನ್ನೇ ತೊರೆದರು. 2011ರಲ್ಲಿ ಹಂಪೆಯ ವಿರೂಪಾಕ್ಷ ಬಜಾರಿನ ಮನೆಗಳನ್ನು ತೆರವು ಮಾಡಿದಾಗ ಅಲ್ಲಿನ ಕುಟುಂಬಗಳಿಗೆ ಕಡ್ಡಿರಾಂಪುರದಲ್ಲಿ ಜಾಗ ಗೊತ್ತುಮಾಡಿದರು. ಮನುಷ್ಯನು ತನ್ನ ದುಃಖವನ್ನು ನೆರೆಯವರಿಗೆ ಹೇಳಿಕೊಳ್ಳುತ್ತಾನೆ. ಬೆಕ್ಕು ಮಂಚದ ಕೆಳಗೆ ಸೇರಿ ಆಹಾರ ಬಿಡುತ್ತದೆ. ಮನೆ ಬದಲಾಗುವುದು ಮಾತ್ರವಲ್ಲ, ಹೊಸ ನಾಯಿ ಬಂದರೆ, ದೀಪಾವಳಿಯ ಪಟಾಕಿ ಸಿಡಿದರೆ, ನಿತ್ಯದ ಆಹಾರವನ್ನು ಒಮ್ಮೆಗೇ ಬದಲಿಸಿದರೆ, ಪ್ರೀತಿಯ ವ್ಯಕ್ತಿ ಕಾಣದಾದರೆ ಕೂಡ ಹೀಗಾಗುವುದುಂಟು. ಕಳವಳದಲ್ಲಿ ಹರಿಯುವ ಅಡ್ರಿನಲಿನ್ ಮೊದಲಾದ ರಸಗಳು ಕೊಬ್ಬನ್ನು ಇನ್ನಷ್ಟು ಬೇಗ ಕರಗಿಸಿ ಯಕೃತ್ತಿನತ್ತ ದೂಡುತ್ತವೆ. ಹೀಗೆ ಭಯವು ಎರಡು ಕಡೆಯಿಂದಲೂ ಬೆಕ್ಕನ್ನು ಕೊಲ್ಲುತ್ತದೆ.

ಹೊಸಪೇಟೆಯ ನಮ್ಮ ಬೀದಿಯಲ್ಲಿ ಹೀಗೊಂದು ನಡೆಯಿತು. ಒಂದು ಮನೆಯ ಮಗಳು ಮದುವೆಯಾಗಿ ಸಂಡೂರಿಗೆ ಹೋದಳು. ಅವಳು ಸಾಕಿದ ದುಂಡನೆಯ ಬಿಳಿ ಬೆಕ್ಕು ಮರುದಿನದಿಂದ ಏನನ್ನೂ ಮುಟ್ಟಲಿಲ್ಲ. 'ಎಂಥ ಪ್ರೀತಿ ನೋಡಿ!' ಎಂದು ನೆರೆಹೊರೆಯವರು ಬಂದು ನೋಡಿ ಹೋದರು. ಮೂಕಪ್ರಾಣಿಯ ನಿಷ್ಠೆಯನ್ನು ಕೊಂಡಾಡಿದರು. ಎಂಟನೆಯ ದಿನಕ್ಕೆ ಅದರ ಕಿವಿಯ ಒಳಭಾಗ ಅರಿಸಿನ ಬಳಿದಂತಾಗಿತ್ತು. ಹತ್ತನೆಯ ದಿನ ಸತ್ತಿತು. ಅದರ ಅಗಲಿಕೆಯ ನೋವು ನಿಜವೇ ಇರಬಹುದು. ಆದರೆ ನಾವು ಪ್ರೀತಿಯೆಂದು ಮೆಚ್ಚಿಕೊಳ್ಳುತ್ತಿದ್ದಾಗ ಒಳಗೆ ಯಕೃತ್ತು ಸಾಯುತ್ತಿತ್ತು. ಅದು ರೋಗವೆಂದು ಆ ಬೀದಿಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಈ ಲೇಖನಕ್ಕೆ ಅದೇ ಕಾರಣ.

ಲಕ್ಷಣಗಳನ್ನು ಗುರುತಿಸುವುದು ಕಷ್ಟವಲ್ಲ. ಬೆಕ್ಕು ಮಂಕಾಗಿ ಕುಳಿತಿರುತ್ತದೆ, ಮೈ ನೆಕ್ಕಿಕೊಳ್ಳುವುದನ್ನು ಬಿಡುತ್ತದೆ, ಬೇಗ ಇಳಿದುಹೋಗುತ್ತದೆ. ಬೆನ್ನಿನ ಮಾಂಸ ಕರಗಿದರೂ ಹೊಟ್ಟೆಯ ಕೆಳಗಿನ ಕೊಬ್ಬು ಉಳಿದಿರುವುದುಂಟು. ವಾಂತಿ, ಜೊಲ್ಲು ಸುರಿಯುವುದು, ಆಹಾರದ ವಾಸನೆಗೇ ಮುಖ ತಿರುಗಿಸುವುದು ಬಳಿಕ ಬರುತ್ತವೆ. ವಸಡು, ಕಣ್ಣಿನ ಬಿಳಿ, ಕಿವಿಯ ಒಳಮೈ ಹಳದಿಯಾದರೆ ರೋಗ ಬಲಿತಿದೆಯೆಂದೇ ಅರ್ಥ.

ಆಹಾರ ಬಿಟ್ಟ ಬೆಕ್ಕುಗಳ ಯಕೃತ್ತಿನಲ್ಲಿ ಕೊಬ್ಬು ತುಂಬುವ ಈ ರೋಗವನ್ನು ಅಮೆರಿಕದ ಪಶುವೈದ್ಯರು 1977ರಲ್ಲಿ ಮೂರು ಬೆಕ್ಕುಗಳಲ್ಲಿ ಕಂಡು ವಿವರಿಸಿದರು. ಇದಕ್ಕೆ ಮುಖ್ಯ ಮದ್ದು ಯಾವುದೆಂದು ಕೇಳಿದರೆ ಓದುಗರಿಗೆ ಆಶ್ಚರ್ಯವಾದೀತು: ಆಹಾರವೇ ಮದ್ದು! ವೈದ್ಯರು ಮೂಗಿನಿಂದಲೋ ಕತ್ತಿನ ಪಕ್ಕದಿಂದಲೋ ಅನ್ನನಾಳಕ್ಕೆ ತೆಳು ನಳಿಗೆಯೊಂದನ್ನು ಇಳಿಸಿ, ಸಸಾರಜನಕ ಹೇರಳವಾಗಿರುವ ದ್ರವಾಹಾರವನ್ನು ಸ್ವಲ್ಪದಿಂದ ಮೊದಲುಮಾಡಿ ಕ್ರಮಕ್ರಮವಾಗಿ ಹೆಚ್ಚಿಸುತ್ತ ಹೋಗುತ್ತಾರೆ. ಹಸಿದ ಒಡಲಿಗೆ ಒಮ್ಮೆಗೇ ತುಂಬಿಸಿದರೆ ಅದೂ ಅಪಾಯವೇ. ಜೊತೆಗೆ ನೀರು, ಲವಣ, ವಾಂತಿಗೆ ಔಷಧ, ಮೂಲರೋಗಕ್ಕೆ ಚಿಕಿತ್ಸೆ. ಇದು ವಾರಗಟ್ಟಲೆ ತಾಳ್ಮೆಯ ಕೆಲಸ. ನಳಿಗೆ ಇಟ್ಟುಕೊಂಡೇ ಮನೆಯಲ್ಲಿ ಉಣಿಸುತ್ತಾರೆ. ಸಕಾಲಕ್ಕೆ ಹೀಗೆ ಆಹಾರ ಸೇರಿದ ಬೆಕ್ಕುಗಳಲ್ಲಿ ಹೆಚ್ಚಿನವು ಬದುಕುತ್ತವೆ, ಯಕೃತ್ತು ಮೊದಲಿನಂತಾಗುತ್ತದೆ. ಬಿಟ್ಟುಬಿಟ್ಟವು ಸಾಮಾನ್ಯವಾಗಿ ಉಳಿಯುವುದಿಲ್ಲ.

ಮಾಡಬಾರದ ಕೆಲವು ಕೆಲಸಗಳನ್ನೂ ಹೇಳಬೇಕು. ಬಾಯಿ ಬಿಡಿಸಿ ಹಾಲು ಸುರಿಯಬಾರದು. ಅದು ಶ್ವಾಸಕೋಶಕ್ಕೆ ಇಳಿದೀತು. ಬೆಳೆದ ಬೆಕ್ಕುಗಳಲ್ಲಿ ಬಹುಪಾಲಿಗೆ ಹಾಲು ಸರಿಯಾಗಿ ಜೀರ್ಣವೂ ಆಗದು. ಮೇಲಾಗಿ ವಾಕರಿಕೆಯಿರುವಾಗ ಬಲವಂತದಿಂದ ತಿನ್ನಿಸಿದ ಆಹಾರವನ್ನು ಬೆಕ್ಕು ಶತ್ರುವೆಂದೇ ನೆನಪಿಟ್ಟುಕೊಳ್ಳುತ್ತದೆ. ಇಲ್ಲಿ ರಾಮಕೃಷ್ಣನ ಕಥೆ ಅಕ್ಷರಶಃ ನಿಜ. ಕಾಮಾಲೆಯೆಂದು ನೆಲನೆಲ್ಲಿಯ ರಸ ಹಾಕಿ ದಿನ ಕಳೆಯಬಾರದು; ಇಲ್ಲಿ ಕಾಮಾಲೆ ಬಂದಿರುವುದು ಉಪವಾಸದಿಂದ. ಜ್ವರವೆಂದು ನಮ್ಮ ಪ್ಯಾರಾಸಿಟಮಾಲ್ ಗುಳಿಗೆಯನ್ನಂತೂ ಕೊಡಲೇಬಾರದು. ಅದನ್ನು ಕಳೆಯುವ ಶಕ್ತಿ ಬೆಕ್ಕಿನ ಯಕೃತ್ತಿಗಿಲ್ಲ. ಒಂದೇ ಗುಳಿಗೆ ಪ್ರಾಣ ತೆಗೆಯಬಲ್ಲದು.

ಮಾಡಬೇಕಾದುದು ಬಹಳ ಸುಲಭ. ಮನೆ ಬದಲಿಸುವಾಗ ಬೆಕ್ಕನ್ನು ಮೊದಲು ಒಂದೇ ಕೋಣೆಯಲ್ಲಿರಿಸಿ, ಅದರ ಹಳೆಯ ಚಾಪೆ, ಹಳೆಯ ಬಟ್ಟಲು, ಅಡಗಲು ಒಂದು ಪೆಟ್ಟಿಗೆ ಕೊಡಬೇಕು. ಆಹಾರ ಬದಲಿಸುವುದಾದರೆ ವಾರದ ಮೇಲೆ ಮೆಲ್ಲನೆ ಬದಲಿಸಬೇಕು. ದಪ್ಪ ಬೆಕ್ಕನ್ನು ಇಳಿಸಬೇಕಾದರೂ ನಿಧಾನವಾಗಿಯೇ. ಉಪವಾಸ ಕೆಡವಿ ಅಲ್ಲ. ಮೀನನ್ನೋ ಮೊಟ್ಟೆಯನ್ನೋ ಸ್ವಲ್ಪ ಬೆಚ್ಚಗೆ ಮಾಡಿ ಇಟ್ಟರೆ ವಾಸನೆಗೆ ಬಾಯಿ ಹಾಕುವುದುಂಟು. ಇಷ್ಟಾದರೂ ಒಂದು ಹಗಲು ಒಂದು ರಾತ್ರಿ ಏನೂ ತಿನ್ನದಿದ್ದರೆ ವೈದ್ಯರನ್ನು ಕೇಳಬೇಕು. ಎರಡನೆಯ ದಿನವೂ ಹಾಗೆಯೇ ಇದ್ದರೆ ಪಶು ಆಸ್ಪತ್ರೆಗೆ ಒಯ್ಯಲೇಬೇಕು.

ನನ್ನ ತಂದೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೂ ಎತ್ತು ಒಂದು ಹೊತ್ತು ಮೆಲುಕು ಹಾಕದಿದ್ದರೆ ಅವರಿಗೆ ನಿದ್ರೆ ಬಾರದು. ಬೆಳಕು ಹರಿಯುವ ಮೊದಲೇ ವೈದ್ಯರ ಬಾಗಿಲಲ್ಲಿ ನಿಂತಿರುತ್ತಾರೆ. ನಮ್ಮ ರೈತರೆಲ್ಲರಿಗೂ ಈ ತಿಳಿವಳಿಕೆಯುಂಟು. ಎತ್ತಿಗೆ ಬೆಲೆಯಿದೆ, ಬೆಕ್ಕಿಗೆ ಬೆಲೆಯಿಲ್ಲವೆಂಬುದೇ ವ್ಯತ್ಯಾಸ. ಕಣಜದ ಕಾಳನ್ನು ಇಲಿಗಳಿಂದ ಕಾಯ್ದು, ಸಂಬಳ ಕೇಳದೆ ದುಡಿಯುವ ಈ ಸಣ್ಣ ಪ್ರಾಣಿಗೂ ಅದೇ ಕಣ್ಣನ್ನು ಹಾಯಿಸಿದರೆ ಸಾಕು. ಬಟ್ಟಲು ತುಂಬಿದಂತೆಯೇ ಉಳಿದಿದ್ದರೆ 'ಹಠ' ಎನ್ನದಿರೋಣ, 'ಪ್ರೀತಿ' ಎಂದೂ ಸುಮ್ಮನಿರದಿರೋಣ. ಎಷ್ಟು ಹೊತ್ತಾಯಿತೆಂದು ಎಣಿಸೋಣ.